ಎತ್ಕೊಂಡು ಹೋಗೋಕೆ ಜನ ಇದ್ದಾರಲ್ಲ ಅನ್ನೋ ಮಾತು

ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಹುಷಾರಿಲ್ಲದೋರನ್ನ ಕೆಳಗೆ ಇಳಿಸೋ ನಮ್ಮ ಕಡೆಯ ಪದ್ಧತಿ ಎಲ್ರೂ ನೋಡಿರ್ತೀರ. ಮನೇಲಿರೋ ಪ್ಲಾಸ್ಟಿಕ್ ಕುರ್ಚಿ ತರೋದು, ಕೂರ್ಸೋದು, ಬೀಳ್ದೇ ಇರ್ಲಿ ಅಂತ ಒಂದು ಟವಲ್ಲೋ ಹಳೇ ಸೀರೆನೋ ಹೊಟ್ಟೆಗೆ ಸುತ್ತಿ ಹಿಂದೆ ಗಂಟು ಹಾಕೋದು, ಇಬ್ರು ಹಿಂದೆ ಇಬ್ರು ಮುಂದೆ, ಜೊತೆಗೆ "ನಿಧಾನ ನಿಧಾನ" ಅಂತ ಕೂಗೋಕೆ ಇನ್ನೊಬ್ರು. ಕೆಳಗಡೆ ಹಿಡ್ಕೊಂಡಿರೋರು ಹಿಂದ್ಹಿಂದಕ್ಕೆ ಇಳೀಬೇಕು, ಕಾಲಡಿ ಮೆಟ್ಟಿಲು ಕಾಣಲ್ಲ, ಅರ್ಧಕ್ಕಿಂತ ಜಾಸ್ತಿ ಭಾರ ಬರೋದೂ ಅವರ ಮೇಲೇನೇ. ಆ ಕುರ್ಚಿ ಕೈ ಇರೋದು ಮೊಣಕೈ ಊರೋಕೆ, ಹಿಡಿದು ಎತ್ತೋಕಲ್ಲ, ಜೋರಾಗಿ ಎತ್ತಿದ್ರೆ ಬಾಗುತ್ತೆ, ಹಳೇದಾದ್ರೆ ಬುಡದಲ್ಲೇ ಸೀಳು ಬಿಡುತ್ತೆ. ಅಗಲಕ್ಕೆ ಚಾಚ್ಕೊಂಡಿರೋ ಕಾಲುಗಳು ಬೇರೆ ಮೆಟ್ಟಿಲಿಗೂ ಗೋಡೆಗೂ ತಾಗ್ತಾನೇ ಇರ್ತವೆ. ಲ್ಯಾಂಡಿಂಗ್ ಹತ್ರ ತಿರುಗ್ಸೋವಾಗ ಯಾರೋ ಒಬ್ರು ಗೋಡೆಗೆ ಒತ್ಕೋತಾರೆ, ಅಲ್ಲೊಂದು ಚಪ್ಪಲಿ ಸ್ಟ್ಯಾಂಡು ಇದ್ದೇ ಇರುತ್ತೆ. ಅಷ್ಟರಲ್ಲಿ ಕುರ್ಚಿ ಮೇಲೆ ಕೂತೋರು ಭಯಕ್ಕೆ ಕೈ ಚಾಚಿ ರೇಲಿಂಗ್ ಗಟ್ಟಿಯಾಗಿ ಹಿಡ್ಕೋತಾರೆ, ಎತ್ತಿದೋರು ಮುಂದಕ್ಕೆ ಹೋಗ್ತಿದ್ದಾರೆ ಇವರು ಬಿಡಲ್ಲ, ನಾಲ್ಕೂ ಜನ ಒಂದೇ ಸಲ ವಾಲೋದು ಆವಾಗ್ಲೇ.

ನಾನೀಗ ಇರೋದು ಇಂಗ್ಲೆಂಡಲ್ಲಿ. ಇಲ್ಲಿನ ಆಂಬುಲೆನ್ಸಿನಲ್ಲಿ ಸ್ಟ್ರೆಚರ್ ಜೊತೆಗೆ ಮಡಚೋ ಕುರ್ಚಿ ಒಂದು ಇದ್ದೇ ಇರುತ್ತೆ, ಇವ್ರು ಅದನ್ನ ಕ್ಯಾರಿ ಚೇರ್ ಅಂತಾರೆ. ಮಡಚಿದ್ರೆ ಸೂಟ್‌ಕೇಸ್ ಥರ ಒಂದು ಕೈಲಿ ಹಿಡ್ಕೊಂಡು ಮೆಟ್ಟಿಲು ಹತ್ತಬಹುದು, ಬಿಡಿಸಿದ್ರೆ ಹಿಂದೆ ಎರಡು ಚಕ್ರ, ಮೇಲ್ಗಡೆ ಹಿಡಿ, ಕಾಲಿನ ಕಡೆ ಎಳೆದ್ರೆ ಉದ್ದ ಆಗೋ ಇನ್ನೊಂದು ಜೊತೆ ಹಿಡಿ, ಎದೆಗೆ ತೊಡೆಗೆ ಕಾಲಿಗೆ ಬೇರೆ ಬೇರೆ ಬೆಲ್ಟು. ಈಗೀಗ ಬರೋದ್ರಲ್ಲಿ ಹಿಂದ್ಗಡೆ ರಬ್ಬರ್ ಟ್ರ್ಯಾಕ್ ಇರುತ್ತೆ, ಅಂದ್ರೆ ಎತ್ತೋದೇ ಬೇಡ, ಮೆಟ್ಟಿಲ ಅಂಚಿನ ಮೇಲೆ ಜಾರ್ಕೊಂಡು ಇಳಿಯುತ್ತೆ. ಅವ್ರು ಮೊದ್ಲು ಮಾಡೋದು ಬೆಲ್ಟ್ ಕಟ್ಟೋದು, ಅದಾದ್ಮೇಲೆ ಎರಡೂ ಕೈ ಎದೆ ಮೇಲೆ ಇಟ್ಕೊಳ್ಳಿ, ಏನೇ ಆದ್ರೂ ರೇಲಿಂಗ್ ಮುಟ್ಬೇಡಿ ಅಂತ ಹೇಳೋದು. ಒಬ್ರು ಮಾತ್ರ ಆರ್ಡರ್ ಕೊಡ್ತಾರೆ, ಉಳಿದೋರು ಬಾಯಿ ಮುಚ್ಕೊಂಡು ಇರ್ತಾರೆ. ಅದು ನೋಡೋಕೆ ಚಿಕ್ಕ ವಿಷಯ, ಆದ್ರೆ ನಮ್ಮಲ್ಲಿ ಐದು ಜನ ಇದ್ರೆ ಐದು ಜನಾನೂ ಆರ್ಡರ್ ಕೊಡ್ತಿರ್ತಾರೆ!

ಆಂಬುಲೆನ್ಸಿನದು ಒಂದಾದ್ರೆ ಆಫೀಸು ಕಾಲೇಜು ಹೋಟೆಲ್ ಮೆಟ್ಟಿಲ ಹತ್ರ ಗೋಡೆಗೆ ನೇತುಹಾಕಿರೋದು ಇನ್ನೊಂದು, ಇವ್ಯಾಕ್ ಚೇರ್, ಸಾಮಾನ್ಯವಾಗಿ ಹಳದಿ ಬಣ್ಣ, ಮೇಲೊಂದು ಧೂಳಿನ ಕವರ್. ಬೆಂಕಿ ಬಿದ್ದಾಗ ಲಿಫ್ಟ್ ಉಪಯೋಗಿಸಬಾರದಲ್ಲ, ಆಗ ನಡೆಯೋಕಾಗ್ದೇ ಇರೋರನ್ನ ಇಳಿಸೋಕೆ. ನಾನು ಆಫೀಸಲ್ಲಿ ಫೈರ್ ವಾರ್ಡನ್, ಅಂದ್ರೆ ಬೆಂಕಿ ಬಿದ್ದಾಗ ಎಲ್ರನ್ನೂ ಹೊರಗೆ ಕಳಿಸೋ ಹೊಣೆ ಇರೋನು, ಆಗಿರೋದ್ರಿಂದ ಇದರ ಟ್ರೈನಿಂಗ್ ಆಗಿದೆ, ಅದರಲ್ಲಿ ಎರಡೂ ಮಾಡಿಸ್ತಾರೆ, ಇಳಿಸೋದೂ ಕೂರೋದೂ. ಸಮತಟ್ಟು ಜಾಗದಲ್ಲಿ ಚಕ್ರದ ಮೇಲೆ ತಳ್ಕೊಂಡು ಬಂದು ಮೊದಲನೇ ಮೆಟ್ಟಿಲ ಅಂಚಿಗೆ ಬಂದ ಕೂಡ್ಲೇ ಹಿಂದ್ಗಡೆಯ ಟ್ರ್ಯಾಕ್ ಬಿಡಿಸಿ ಹಿಂದಕ್ಕೆ ವಾಲಿಸ್ಬೇಕು. ಟ್ರ್ಯಾಕ್‌ನ ಉದ್ದ ಯಾವಾಗ್ಲೂ ಕನಿಷ್ಠ ಎರಡು ಮೆಟ್ಟಿಲ ಅಂಚನ್ನ ಹಿಡ್ಕೊಂಡಿರೋ ಹಾಗೆ ಮಾಡಿರ್ತಾರೆ, ಅದಕ್ಕೇ ಮೆಟ್ಟಿಲು ಮೆಟ್ಟಿಲಿಗೂ ಧಡ್ ಧಡ್ ಅನ್ನಲ್ಲ, ಇಳಿಜಾರಲ್ಲಿ ಹೋದ ಹಾಗೆ ಹೋಗುತ್ತೆ. ಕೂತೋರ ಭಾರಾನೇ ಟ್ರ್ಯಾಕನ್ನ ಮೆಟ್ಟಿಲಿಗೆ ಒತ್ತಿ ಉಜ್ಜಾಟ ಕೊಡುತ್ತೆ, ವೇಗ ತಾನಾಗೇ ಹಿಡಿತಕ್ಕೆ ಬರುತ್ತೆ, ಹಿಂದೆ ನಿಂತೋರು ಹಿಡಿಯನ್ನ ಸ್ವಲ್ಪ ಒತ್ತಿ ಹಿಡಿದ್ರೆ ಅಲ್ಲೇ ನಿಲ್ಲುತ್ತೆ. ಒಬ್ರೇ ಸಾಕು, ತಮಗಿಂತ ಭಾರ ಇರೋರನ್ನೂ ಇಳಿಸಬಹುದು, ಕುರ್ಚಿ ತೂಕ ಸುಮಾರು 10 ಕೆಜಿ ಇರಬಹುದು, ಹೊರೋದು 150 ಕೆಜಿಗಿಂತ ಜಾಸ್ತಿ. ಇಷ್ಟೆಲ್ಲ ಗೊತ್ತಿದ್ರೂ ಕೂತಾಗ ಹೇಗನ್ಸುತ್ತೆ ಗೊತ್ತಾ, ಮೊದಲನೇ ಅಂಚಲ್ಲಿ ಹೊಟ್ಟೆ ಧಸಕ್ ಅನ್ನುತ್ತೆ! ಕಾಲು ಮುಂದೆ, ಮುಂದೆ ಬರೀ ಖಾಲಿ, ಹಿಂದೆ ಇರೋನ ಮುಖ ಕಾಣ್ಸಲ್ಲ, ಕೈ ತಾನಾಗೇ ರೇಲಿಂಗ್ ಕಡೆ ಹೋಗುತ್ತೆ. ಎತ್ತೋರೆಲ್ಲ ಒಂದು ಸಲ ಅದರಲ್ಲಿ ಕೂತು ಇಳೀಲೇಬೇಕು ಅಂತ ನನಗನ್ಸಿದ್ದು ಆವಾಗ.

ಇದರ ಬೆಲೆ ಜಗತ್ತಿಗೆ ತೋರ್ಸಿದ್ದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್. 1993ರಲ್ಲಿ ಅಲ್ಲಿ ಬಾಂಬ್ ಸಿಡಿದಾಗ ನಡೆಯೋಕಾಗದೋರನ್ನ ಇಳಿಸೋಕೆ ಗಂಟೆಗಟ್ಟಲೆ ಒದ್ದಾಡಿದ್ರು, ಆಮೇಲೆ ಇಂಥ ಕುರ್ಚಿಗಳನ್ನ ತರಿಸಿ ಇಟ್ರು. 2001ರ ಸೆಪ್ಟೆಂಬರ್ 11ರಂದು 69ನೇ ಮಹಡೀಲಿದ್ದ ಕೈಕಾಲು ಸ್ವಾಧೀನ ಇಲ್ಲದ ಉದ್ಯೋಗಿ ಒಬ್ರನ್ನ ಸಹೋದ್ಯೋಗಿಗಳು ಸರದಿ ಮೇಲೆ ಅದೇ ಕುರ್ಚೀಲಿ ಇಳಿಸಿ ಉಳಿಸಿದ್ರು. ಅದಕ್ಕೂ ಎಂಟು ವರ್ಷ ಮುಂಚೆ, ಆ ಬಾಂಬ್ ಸಿಡಿದ ದಿನ, ಇದೇ ವ್ಯಕ್ತೀನ ಅವರ ಭಾರವಾದ ವೀಲ್‌ಚೇರಲ್ಲೇ ಕೂರಿಸ್ಕೊಂಡು ಇಳಿಸೋಕೆ ಪಟ್ಟ ಕಷ್ಟ ಬೇರೇನೇ ಇತ್ತು. ಜನ ಅವತ್ತೂ ಇದ್ರು, ಒಳ್ಳೇ ಮನಸ್ಸೂ ಇತ್ತು, ಇಲ್ದೇ ಇದ್ದಿದ್ದು ಈ ಕುರ್ಚಿ.

ಹಾಗಂತ ಇಲ್ಲಿ ಇಂಗ್ಲೆಂಡಲ್ಲಿ ಎಲ್ಲ ಸರಿ ಇದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕಾನೂನು ಚೆನ್ನಾಗೇ ಇದೆ, 2005ರ ಫೈರ್ ಸೇಫ್ಟಿ ಆರ್ಡರ್ ಪ್ರಕಾರ ಕಟ್ಟಡದಲ್ಲಿರೋ ಎಲ್ರನ್ನೂ ಹೊರಗೆ ಸಾಗಿಸೋ ಹೊಣೆ ಕಟ್ಟಡ ನಡೆಸೋರದು, ಫೈರ್ ಬ್ರಿಗೇಡ್ ಬಂದು ಇಳಿಸ್ಕೊಳ್ಳುತ್ತೆ ಅಂತ ಪ್ಲಾನ್ ಬರೆದು ಕೂರೋ ಹಾಗಿಲ್ಲ. ಆಫೀಸಲ್ಲಿ ನಡೆಯೋಕೆ ತೊಂದರೆ ಇರೋರಿಗೆ ಒಬ್ಬೊಬ್ರಿಗೂ ಪೀಪ್ ಅಂತ ಬೇರೆ ಪ್ಲಾನ್ ಬರೀತಾರೆ, ಯಾವ ಮೆಟ್ಟಿಲು, ಯಾರು ಇಳಿಸ್ತಾರೆ, ಅವ್ರು ರಜಾ ಹಾಕಿದ್ರೆ ಯಾರು ಅಂತ. ಇದು ಪೇಪರಲ್ಲಿ. ನಿಜವಾಗ್ಲೂ ನೋಡಿದ್ರೆ ಎಷ್ಟೋ ಕಡೆ ಆ ಕವರ್ ತೆಗೆದು ನೋಡಿದೋರೇ ಇಲ್ಲ, ಟ್ರೈನಿಂಗ್ ಆದೋರು ಕೆಲಸ ಬಿಟ್ಟು ಹೋಗಿರ್ತಾರೆ, ಇಲ್ಲಾಂದ್ರೆ ಮನೆಯಿಂದ ಕೆಲಸ ಮಾಡ್ತಿರ್ತಾರೆ. ಉಳಿದೋರು ಮುಟ್ಟೋಕೆ ಹೆದರ್ತಾರೆ, ಏನಾದ್ರೂ ಆದ್ರೆ ಕೇಸ್ ಆಗುತ್ತೆ ಅಂತ. ವೀಲ್‌ಚೇರಲ್ಲಿ ಇರೋರನ್ನ ಮೆಟ್ಟಿಲ ಪಕ್ಕದ ರೆಫ್ಯೂಜ್ ಜಾಗದಲ್ಲಿ, ಅಂದ್ರೆ ಬೆಂಕಿ ಹೊಗೆ ಬೇಗ ತಲುಪದ ಹಾಗೆ ಕಾಯೋಕೆ ಬಿಟ್ಟಿರೋ ಜಾಗದಲ್ಲಿ, ನಿಲ್ಸಿ "ಕಾಯ್ತಾ ಇರಿ" ಅಂತ ಹೇಳಿ ಉಳಿದೋರೆಲ್ಲ ಇಳಿದು ಹೋಗೋದನ್ನ ನಾನು ಡ್ರಿಲ್ಲಲ್ಲೇ ನೋಡಿದ್ದೀನಿ, ಡ್ರಿಲ್ ಆದ್ರೂ ನೋಡೋಕೆ ಕಷ್ಟ ಆಯ್ತು. ಇನ್ನು ಜನ ವಾಸ ಇರೋ ಕಟ್ಟಡಗಳ ಕಥೆ ಇನ್ನೂ ಕಷ್ಟ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕೀಲಿ 72 ಜನ ಸತ್ರು, ಅಲ್ಲಿದ್ದ ಅಂಗವಿಕಲರಲ್ಲಿ ತುಂಬ ಜನ ಹೊರಗೆ ಬರಲೇ ಇಲ್ಲ. ಆಮೇಲೆ ಅಂಥೋರಿಗೆ ಮನೆ ಕಟ್ಟಡದಲ್ಲೂ ಪ್ಲಾನ್ ಮಾಡಿ ಅಂತ ವರ್ಷಗಟ್ಟಲೆ ಜಗ್ಗಾಟ ನಡೀತು.

ಅಂದ್ರೆ ಇಲ್ಲಿ ಕುರ್ಚಿ ಇದೆ ಕೈ ಮುಂದೆ ಬರಲ್ಲ, ನಮ್ಮಲ್ಲಿ ಕೈ ಇದೆ ಕುರ್ಚಿ ಇಲ್ಲ. ಇಷ್ಟು ಹೇಳಿ ಎರಡೂ ಕಡೆ ಒಂದೊಂದು ಒಳ್ಳೇದಿದೆ ಅಂತ ಮುಗಿಸ್ಬಹುದಿತ್ತು, ಆದ್ರೆ ನನಗೆ ಹಾಗನ್ಸಲ್ಲ. ನಮ್ಮ ಕಡೆಯದೇ ಜಾಸ್ತಿ ತಪ್ಪು, ಯಾಕಂದ್ರೆ "ಜನ ಇದ್ದಾರಲ್ಲ, ಎತ್ಕೊಂಡು ಹೋಗ್ತಾರೆ ಬಿಡಿ" ಅನ್ನೋ ಮಾತನ್ನ ನಾವು ಹೆಮ್ಮೆ ಥರ ಹೇಳ್ಕೋತೀವಿ. ಅದನ್ನ ಎತ್ತೋರು ಹೇಳ್ತಾರೆ, ಎತ್ತಿಸ್ಕೊಳ್ಳೋರು ಯಾವತ್ತೂ ಹೇಳಲ್ಲ. ಎತ್ತಿಸ್ಕೊಳ್ಳೋರಿಗೆ ಏನಾಗುತ್ತೆ ಅಂದ್ರೆ ಒಂದು ಸಲ ಆ ಪ್ಲಾಸ್ಟಿಕ್ ಕುರ್ಚಿ ಮೇಲೆ ಇಡೀ ಬಿಲ್ಡಿಂಗಿನೋರ ಮುಂದೆ ಇಳಿದ್ಮೇಲೆ ಇನ್ನೊಂದು ಸಲ ಬೇಡಪ್ಪ ಅನ್ಸುತ್ತೆ. ಮೊದ್ಲು ಮದುವೆ ಮುಂಜಿ ಬಿಡ್ತಾರೆ, ಆಮೇಲೆ ಸಂಜೆ ಕೆಳಗೆ ಹೋಗಿ ಕೂರೋದು, ಕೊನೆಗೆ ಡಾಕ್ಟರ ಹತ್ರ ಹೋಗೋದನ್ನೂ ಮುಂದಕ್ಕೆ ಹಾಕ್ತಾರೆ, "ಪಾಪ ಪಕ್ಕದ ಮನೆ ಹುಡುಗ್ರಿಗೆ ಎಷ್ಟು ಸಲ ಅಂತ ತೊಂದ್ರೆ ಕೊಡೋದು" ಅಂತ. ನಾವು ಹೊರಗಡೆ ನಿಂತು "ಅಜ್ಜಿಗೆ ಈಗ ಆಚೆ ಬರೋಕೆ ಇಷ್ಟಾನೇ ಇಲ್ಲ" ಅಂತೀವಿ.

ಹೊರೋ ವಿದ್ಯೆ ನಮಗೆ ಗೊತ್ತಿಲ್ದೇ ಇರೋದೇನಲ್ಲ. ಶ್ರವಣಬೆಳಗೊಳದ ವಿಂಧ್ಯಗಿರೀಲಿ ಬಂಡೆ ಕಡಿದು ಮಾಡಿರೋ ಆರುನೂರಕ್ಕೂ ಜಾಸ್ತಿ ಮೆಟ್ಟಿಲಿದೆ, ಹತ್ತೋಕಾಗದೋರನ್ನ ಡೋಲೀಲಿ ಕೂರಿಸ್ಕೊಂಡು ಬಾಹುಬಲಿ ಹತ್ರ ಕರ್ಕೊಂಡು ಹೋಗಿ ವಾಪಸ್ ಇಳಿಸ್ತಾರೆ. ಬೊಂಬಿಗೆ ಕಟ್ಟಿದ ಕುರ್ಚಿ, ಹೊರೋರಿಗೆ ಮೆಟ್ಟಿಲು ಕಾಲಿಗೇ ಗೊತ್ತು, ಎಲ್ಲಿ ನಿಲ್ಬೇಕು ಎಲ್ಲಿ ಹೆಗಲು ಬದಲಾಯಿಸ್ಬೇಕು ಅನ್ನೋದು ಗೊತ್ತು. ಕೂತೋರೂ ದುಡ್ಡು ಕೊಟ್ಟು ಕೂತಿರ್ತಾರೆ, ಯಾರಿಗೂ ಋಣ ಇಲ್ಲ, ಸಂಕೋಚ ಇಲ್ಲ. ಅದು ಕಲಿತ ಕೆಲಸ ಅಂತ ನಾವು ಒಪ್ಕೋತೀವಿ, ಆದ್ರೆ ಮನೆ ಮೆಟ್ಟಿಲಿಗೆ ಬಂದ್ರೆ ಕಲಿಯೋದೇನಿದೆ ಅದ್ರಲ್ಲಿ ಅಂತೀವಿ.

ನಮ್ಮ 108 ಆಂಬುಲೆನ್ಸ್ ಬಗ್ಗೆ ನನಗೆ ಗೌರವ ಇದೆ, 2008ರಲ್ಲಿ ಆರೋಗ್ಯ ಕವಚ ಅಂತ ಶುರುವಾದಾಗಿಂದ ಎಷ್ಟು ಜೀವ ಉಳ್ಸಿದ್ದಾರೋ. ಆದ್ರೆ ಬರೋರು ಇಬ್ರು, ಒಬ್ರು ತುರ್ತು ಚಿಕಿತ್ಸೆ ಕೊಡೋ ಇಎಂಟಿ, ಇನ್ನೊಬ್ರು ಪೈಲಟ್ ಅಂತ ಕರೆಯೋ ಡ್ರೈವರ್, ಸ್ಟ್ರೆಚರ್ ನಮ್ಮ ಕಿರಿದಾದ ಮೆಟ್ಟಿಲ ತಿರುವಲ್ಲಿ ತಿರುಗಲ್ಲ. ಆಗ ಏನ್ಮಾಡ್ತಾರೆ, ಎಷ್ಟೋ ಸಲ ರೋಗೀನೇ ನಡೆಸ್ತಾರೆ. ಎದೆ ನೋವು ಅಂತ ಕೂತೋರನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ಮೂರು ಮಹಡಿ ನಡೆಸಿ ಇಳಿಸೋದು ಎಷ್ಟು ಅಪಾಯ ಅಂತ ಹೇಳ್ಬೇಕಾಗಿಲ್ಲ, ಹಾರ್ಟಿಗೆ ಶ್ರಮ ಕೊಡ್ಲೇಬಾರದ ಹೊತ್ತಲ್ಲಿ ಅತಿ ಜಾಸ್ತಿ ಶ್ರಮ ಅದೇನೇ. ಉಸಿರಾಟದ ತೊಂದ್ರೆ ಇರೋರಿಗಂತೂ ಮಲಗಿಸಿದ್ರೆ ಇನ್ನೂ ಕಷ್ಟ, ಕೂತ ಭಂಗೀನೇ ಒಳ್ಳೇದು, ಅಂಥೋರಿಗೆ ಈ ಕುರ್ಚಿ ಹೇಳಿ ಮಾಡಿಸಿದ್ದು. ಎಲ್ರಿಗೂ ಅಲ್ಲ ಅನ್ನೋದೂ ನೆನಪಿರ್ಲಿ, ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿರೋ ಅನುಮಾನ ಇದ್ರೆ ಕೂರಿಸೋ ಹಾಗೇ ಇಲ್ಲ, ಹಾರ್ಟ್ ನಿಂತೋಗಿದ್ರೆ ಮಲಗಿಸಿ ಎದೆ ಒತ್ತಬೇಕೇ ಹೊರತು ಕುರ್ಚಿ ಹುಡುಕೋದಲ್ಲ.

ಅಪಾರ್ಟ್‌ಮೆಂಟ್ ಅಸೋಸಿಯೇಶನ್‌ನೋರಿಗೆ ಇದನ್ನ ಹೇಳಿದ್ರೆ ಮೊದಲನೇ ಪ್ರಶ್ನೆ "ಯಾರಿಗೆ ಬೇಕು ಸಾರ್ ಇದು, ಲಿಫ್ಟ್ ಇದೆಯಲ್ಲ". ಲಿಫ್ಟ್ ಕೆಟ್ಟಾಗ, ಕರೆಂಟ್ ಹೋಗಿ ಜನರೇಟರ್ ಕೈ ಕೊಟ್ಟಾಗ, ಬೆಂಕಿ ಬಿದ್ದಾಗ ಬೇಕು. ಸಿಸಿ ಕ್ಯಾಮೆರಾ ಹಾಕ್ಸೋವಾಗ ಯಾರಿಗೆ ಬೇಕು ಅಂತ ಯಾರೂ ಕೇಳಿರ್ಲಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಎಲ್ರೂ ಓಡಾಡೋ ಹಾಗೆ ಮಾಡ್ಬೇಕು ಅಂತ ಅದರಲ್ಲೇ ಇದೆ, ಆದ್ರೂ ಮೊದಲನೇ ಮಹಡೀಲಿರೋ ಸರ್ಕಾರಿ ಕಚೇರಿಗೆ ಸಹಿ ಹಾಕೋಕೆ ವಯಸ್ಸಾದೋರನ್ನ ಹೊತ್ಕೊಂಡು ಹೋಗೋದು ನಿಂತಿಲ್ಲ. ರ‍್ಯಾಂಪ್ ಲಿಫ್ಟ್ ಬರೋವರೆಗೂ ಒಂದು ಕುರ್ಚಿ ಇಡೋಕೆ ಏನು ಕಷ್ಟ ಅನ್ನೋದು ನನ್ನ ಪ್ರಶ್ನೆ.

ತಗೊಳ್ಳೋ ಮನಸ್ಸು ಮಾಡಿದ್ರೆ ಒಂದು ವಿಷಯ ನೋಡ್ಕೊಳ್ಳಿ. ಗೋಡೆಗೆ ನೇತುಹಾಕೋ ಹಳದಿ ಕುರ್ಚಿ ಇಳಿಸೋಕೆ ಮಾತ್ರ, ಹತ್ತಿಸೋಕೆ ಬರಲ್ಲ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದೋರು ಮೇಲಕ್ಕೂ ಹೋಗ್ಬೇಕಲ್ಲ, ಲಿಫ್ಟೇ ಇಲ್ಲದ ಬಿಲ್ಡಿಂಗಿಗೆ ಇಬ್ರು ಹಿಡಿಯೋ ಹಿಡಿಗಳಿರೋ ಕ್ಯಾರಿ ಚೇರೋ, ಬ್ಯಾಟರಿ ಮೇಲೆ ಮೆಟ್ಟಿಲು ಹತ್ತೋ ಕುರ್ಚಿನೋ ಬೇಕಾಗುತ್ತೆ, ಬ್ಯಾಟರೀದು ಭಾರ ಜಾಸ್ತಿ, ಚಾರ್ಜ್ ಮಾಡಿಡೋ ಜವಾಬ್ದಾರಿ ಬೇರೆ. ಯಾವುದೇ ತರೋ ಮುಂಚೆ ನಿಮ್ಮ ಲ್ಯಾಂಡಿಂಗ್ ಅಗಲ ಟೇಪ್ ಹಿಡಿದು ಅಳೀರಿ, ಸುತ್ತು ಮೆಟ್ಟಿಲಿಗೆ ಟ್ರ್ಯಾಕ್ ಇರೋದು ಸರಿಯಾಗಿ ಕೂರಲ್ಲ. ತಂದ್ಮೇಲೆ ಕಮಿಟಿ ಮೀಟಿಂಗ್ ದಿನ ಅಧ್ಯಕ್ಷರನ್ನೇ ಮೊದ್ಲು ಕೂರಿಸಿ ಇಳಿಸಿ ನೋಡಿ. ಇಡೋದು ಮೇಲಿನ ಮಹಡಿ ಮೆಟ್ಟಿಲ ಪಕ್ಕ, ಬೇಸ್‌ಮೆಂಟ್ ಸ್ಟೋರ್ ರೂಮಲ್ಲಿ ಹಳೇ ಪೇಂಟ್ ಡಬ್ಬಗಳ ಹಿಂದೆ ಅಲ್ಲ, ಮತ್ತೆ ದಯವಿಟ್ಟು ಬೀಗ ಹಾಕಿ ಕೀನ ಸೆಕ್ರೆಟರಿ ಮನೇಲಿ ಇಡ್ಬೇಡಿ.