ಗುಲ್ಮಾರ್ಗ್ ಕ್ರೀಡಾಕೂಟ ರದ್ದಾಗಿರಲಿಲ್ಲ: ಒಂದು ಸ್ಪಷ್ಟನೆ

‘ಹಿಮವಿಲ್ಲದೆ 2025ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೇ ರದ್ದಾಯಿತು, ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಾಲ ಮುಗಿಯಿತು’ ಎಂಬ ಸಂದೇಶ ಇನ್ನೂ ಹರಿದಾಡುತ್ತಿದೆ. ಇದು ಅರ್ಧಸತ್ಯ.

ಆ ಕೂಟದ ಮೊದಲ ಹಂತ ಜನವರಿಯಲ್ಲೇ ಲೇಹ್‌ನಲ್ಲಿ ಮಂಜುಗಡ್ಡೆಯ ಮೇಲೆ ನಡೆದಿತ್ತು. ಕಾಶ್ಮೀರದ ಗುಲ್ಮಾರ್ಗ್‌ನ ಎರಡನೇ ಹಂತ ಫೆಬ್ರುವರಿ 22ಕ್ಕೆ ಶುರುವಾಗಬೇಕಿತ್ತು. ಹಿಮ ಸಾಲದೆ ಮುಂದೂಡಲಾಯಿತು. ತಿಂಗಳ ಕೊನೆಯಲ್ಲಿ ಚೆನ್ನಾಗಿ ಹಿಮ ಸುರಿದು, ಮಾರ್ಚ್ 9ರಿಂದ 12ರವರೆಗೆ ಸ್ಪರ್ಧೆಗಳು ನಡೆದವು.

ಗೊಂದಲಕ್ಕೆ ಕಾರಣ ಎತ್ತರ. ಗುಲ್ಮಾರ್ಗ್ ಬಯಲು ಸುಮಾರು 2,650 ಮೀಟರ್‌ನಲ್ಲಿದೆ. ಗೊಂಡೋಲಾ (ಕೇಬಲ್ ಕಾರ್) ಏರಿದರೆ ಅಫರ್ವಾತ್ ಬೆಟ್ಟದಲ್ಲಿ ಸುಮಾರು 3,900 ಮೀಟರ್ ಮುಟ್ಟುತ್ತೇವೆ. ಕೆಳಗೆ ಒಣಹುಲ್ಲು ಕಾಣುವ ದಿನವೇ ಮೇಲೆ ಹಿಮ ಇರಬಹುದು. ಬಯಲಿನ ಒಂದು ಫೋಟೊ ನೋಡಿ ಇಡೀ ಬೆಟ್ಟದ ಸ್ಥಿತಿ ಹೇಳುವುದು ತಪ್ಪು. ಇನ್ನು, ಪ್ರವಾಸಿಗರಿಗೆ ಸಾಕಾಗುವ ಹಿಮ ಸ್ಪರ್ಧೆಗೆ ಸಾಲದು. ಯಂತ್ರ ಹಾಯಿಸಿ ಹಿಮವನ್ನು ಒತ್ತಿ ಗಟ್ಟಿ ಮಾಡಬೇಕು, ತಿರುವು ಸೂಚಿಸುವ ಕಂಬಗಳು ಅಲುಗದಂತೆ ನಿಲ್ಲಬೇಕು. ಪದರ ತೆಳುವಾಗಿದ್ದರೆ ಕಾಲಿಗೆ ಕಟ್ಟಿದ ಸ್ಕೀ ಹಲಗೆ ಹಿಮದಡಿಯ ಕಲ್ಲಿಗೆ ತಾಗುತ್ತದೆ. ವೇಗದಲ್ಲಿ ಇಳಿಯುವವರಿಗೆ ಅದು ಪ್ರಾಣಾಪಾಯ. ಮುಂದೂಡಿದ್ದು ಸರಿಯಾದ ನಿರ್ಧಾರವೇ.

ನಮ್ಮ ಕೊಡಗಿನ ಸ್ಕೀಯಿಂಗ್ ಪಟು ಭವಾನಿ ತೆಕ್ಕಡ ನಂಜುಂಡ ಅವರಂಥವರು ಇಂಥ ಕೂಟಕ್ಕಾಗಿಯೇ ವರ್ಷವಿಡೀ ಬೆವರು ಸುರಿಸುತ್ತಾರೆ. ನಡೆದ ಸ್ಪರ್ಧೆಯನ್ನು ನಡೆಯಲಿಲ್ಲ ಎನ್ನುವುದು ಅವರ ಶ್ರಮಕ್ಕೆ ಮಾಡುವ ಅನ್ಯಾಯ. ಈ ಸಂದೇಶ ನಿಮಗೆ ಬಂದರೆ, ಕಳಿಸಿದವರಿಗೆ ಮಾರ್ಚ್‌ನ ದಿನಾಂಕಗಳನ್ನು ತಿಳಿಸಿ.