ಗೇಮಿನೊಳಗೆ ಸಂತೆ ತಾನಾಗೇ ಹುಟ್ಟಬೇಕಾದರೆ

ಗೇಮ್ ಮಾಡುವವರಿಗೆ ಎಕಾನಮಿ ಅಂದ ಕೂಡಲೇ ಬೆಲೆಪಟ್ಟಿ ನೆನಪಾಗುತ್ತದೆ. ಕತ್ತಿಗೆ ಇಷ್ಟು, ಗುರಾಣಿಗೆ ಇಷ್ಟು. ನನ್ನ ಪ್ರಕಾರ ಮೊದಲು ಬರೆಯಬೇಕಾದದ್ದು ಗಾತ್ರ, ದೂರ, ನಾಶದ ನಿಯಮಗಳನ್ನು. ರೇಟನ್ನು ಆಟಗಾರರೇ ಕಟ್ಟಿಕೊಳ್ಳುತ್ತಾರೆ ಬಿಡಿ.

ಐಸ್‌ಲ್ಯಾಂಡಿನ ಸಿಸಿಪಿ ಗೇಮ್ಸ್ 2003ರಲ್ಲಿ ತಂದ ಈವ್ ಆನ್‌ಲೈನ್ ನೋಡಿ. ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಆಡುವ ಬಾಹ್ಯಾಕಾಶದ ಆಟ. ಸಾಮಾನು ಎಲ್ಲಿ ಬಿಟ್ಟಿರೋ ಅಲ್ಲೇ ಇರುತ್ತದೆ. ಬೇರೆ ಕಡೆ ಬೇಕೆಂದರೆ ಯಾರಾದರೂ ಹಡಗಿಗೆ ತುಂಬಿಕೊಂಡು ಹೋಗಲೇಬೇಕು. ಪ್ರತಿ ಮಾಲಿಗೂ ಘನ ಮೀಟರ್ ಲೆಕ್ಕ, ಹಡಗಿಗೂ ಒಂದು ಮಿತಿ. ದಾರಿಯಲ್ಲಿ ಯಾರಾದರೂ ಹೊಡೆದರೆ ಹಡಗು ಹೋಯಿತು, ಸರಕಿನಲ್ಲೂ ಸುಮಾರು ಅರ್ಧ ಹೋಯಿತು.

ಇಷ್ಟರಿಂದಲೇ ಜಿಟಾ ಅನ್ನೋ ಒಂದು ಸೌರಮಂಡಲ ಇಡೀ ಆಟದ ದೊಡ್ಡ ಪೇಟೆಯಾಯಿತು. ಅಲ್ಲಿಂದ ದೂರದ ಜಾಗಗಳಲ್ಲಿ ಅದೇ ಮಾಲಿಗೆ ಬೇರೆ ರೇಟು. ಆ ವ್ಯತ್ಯಾಸವನ್ನೇ ನಂಬಿದ ಸಾಗಣೆಯವರು ಹುಟ್ಟಿಕೊಂಡರು. ಅವರ ಹಿಂದೆಯೇ ದರೋಡೆಯವರು. ಇವರ ಲೆಕ್ಕ ಬಲು ಚೆಂದ! ಕಾವಲಿರುವ ಪ್ರದೇಶದಲ್ಲಿ ದಾಳಿ ಮಾಡಿದರೆ ಆಟದ ಪೊಲೀಸರು ಬಂದು ಅವರ ಹಡಗನ್ನೂ ಉಡಾಯಿಸುವುದು ಖಾತ್ರಿ. ಹಾಗಾಗಿ ಮೊದಲು ಸ್ಕ್ಯಾನ್ ಮಾಡಿ ಒಳಗೇನಿದೆ ನೋಡುತ್ತಾರೆ. ಸಿಗುವ ಮಾಲು ತಾವು ಕಳೆದುಕೊಳ್ಳುವ ಹಡಗಿಗಿಂತ ಜಾಸ್ತಿ ಬಾಳಿದರೆ ಮಾತ್ರ ಕೈ ಹಾಕುತ್ತಾರೆ. ಸಾಗಣೆಯವನಿಗೂ ಇದು ಗೊತ್ತು, ಅದಕ್ಕೇ ಅಳೆದು ತೂಗಿ ತುಂಬುತ್ತಾನೆ. ಈ ಲೆಕ್ಕವನ್ನು ಯಾವ ಡಿಸೈನರೂ ಕೂತು ನಿಗದಿ ಮಾಡಿಲ್ಲ.

ಈವ್‌ನದು ನ್ಯೂಟನ್ ಒಪ್ಪುವ ಭೌತಶಾಸ್ತ್ರವೇನೂ ಅಲ್ಲ. ಎಂಜಿನ್ ನಿಲ್ಲಿಸಿದರೆ ಹಡಗು ನೀರಿನಲ್ಲಿದ್ದ ಹಾಗೆ ನಿಧಾನವಾಗಿ ನಿಂತುಬಿಡುತ್ತದೆ! ಇರಲಿ. ನಿಯಮ ಎಲ್ಲರಿಗೂ ಒಂದೇ ಇದ್ದರೆ ಸಾಕು.

ಹಾಗಂತ ಪ್ರಕೃತಿಯನ್ನೆಲ್ಲ ಆಟಕ್ಕೆ ತುಂಬಲು ಹೋದರೂ ಕಷ್ಟ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಹುಲ್ಲು, ಕುರಿ, ತೋಳ ಅಂತ ಆಹಾರ ಸರಪಳಿಯನ್ನೇ ಕಟ್ಟಲು ನೋಡಿದರು. ಜನ ಬಂದವರೇ ಕಂಡ ಪ್ರಾಣಿಯನ್ನೆಲ್ಲ ಕೊಂದು ಹಾಕಿದರು. ಕಚ್ಚಾ ಸಾಮಗ್ರಿಗೆ ಒಟ್ಟು ಮಿತಿ ಇಟ್ಟಿದ್ದರು, ಜನ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಕೂಡಿಟ್ಟರು. ಸವೆದು ಹೋಗುವುದು ಕಮ್ಮಿ, ಕೂಡಿಡುವುದು ಜಾಸ್ತಿ. ಹೊಸದು ಹುಟ್ಟುವುದು ಹೇಗೆ?

ಇನ್ನೊಂದು ತುದಿಯಲ್ಲಿ 2012ರ ಡಯಾಬ್ಲೊ 3, ರಾಕ್ಷಸರನ್ನು ಕೊಂದು ಆಯುಧ ಗಳಿಸುವ ಆಟ. ಅಲ್ಲಿನ ಹರಾಜು ಕಟ್ಟೆಗೆ ದೂರವೂ ಇಲ್ಲ, ಸಾಗಣೆಯೂ ಇಲ್ಲ. ಒಳ್ಳೆಯ ಆಯುಧ ಕೂತಲ್ಲೇ ಸಿಗುವಾಗ ರಾಕ್ಷಸರನ್ನು ಕೊಲ್ಲುವುದು ಯಾಕೆ? 2014ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು.

ನಮ್ಮ ಹುಡುಗರು ಯಾರಾದರೂ ಇಂಥ ಗೇಮ್ ಕಟ್ಟುತ್ತಿದ್ದರೆ, ಯಾವ ಊರಲ್ಲಿ ತೆರೆದರೂ ಅದೇ ಸಾಮಾನು ಸಿಗುವ ಮಾಯದ ಪೆಟ್ಟಿಗೆ ಇರುತ್ತದಲ್ಲ, ಮೊದಲು ಅದನ್ನು ಕಿತ್ತು ಹಾಕಿ. ಆಟಗಾರರು ಬೈಯುತ್ತಾರೆ. ಒಂದಷ್ಟು ದಿನ ಬೈಸಿಕೊಳ್ಳಿ, ಅಷ್ಟರೊಳಗೆ ಅವರಲ್ಲೇ ಯಾರೋ ಬಾಡಿಗೆ ಗಾಡಿ ಶುರು ಮಾಡಿರುತ್ತಾರೆ.