ಕಂದನ ಪ್ಲೇಟ್‌ಲೆಟ್ ಕುಸಿದರೆ ಬಾಣಂತಿಯನ್ನು ದೂರಬೇಡಿ

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಇಳಿದಿದೆ ಎಂದು ವರದಿ ಬಂದರೆ ನಮ್ಮ ಕಡೆ ಮೊದಲ ಮಾತು ಬೀಳುವುದು ಬಾಣಂತಿಯ ಮೇಲೆ. "ಬಸುರಿಯಲ್ಲಿ ಸರಿಯಾಗಿ ಉಣ್ಣಲಿಲ್ಲ, ಅವಳ ರಕ್ತದಲ್ಲೇ ಸತ್ವವಿಲ್ಲ." ಕಾಸರಗೋಡಿನ ಬದಿಯಡ್ಕ, ಪೆರ್ಲ, ಉಪ್ಪಳ, ಯಾವ ಊರಿನವರು ಬಂದರೂ ಇದೇ. ನಾನು ಕುಂಬಳೆ ಕಡೆಯವನು, ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಯೊಂದರ ಪ್ರಯೋಗಾಲಯಕ್ಕೆ ಕೆಲಸಕ್ಕೆ ಹೋಗುವವನು. ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳನ್ನು ಕಾಡುವ ಕರುಳಿನ ಕಾಯಿಲೆಯೊಂದಿದೆ. ವೈದ್ಯರು ಎನ್‌ಇಸಿ ಎನ್ನುತ್ತಾರೆ. ಪೂರ್ತಿ ಹೆಸರು ನೆಕ್ರೋಟೈಸಿಂಗ್ ಎಂಟರೊಕೊಲೈಟಿಸ್. ಬಲಿಯದ ಕರುಳಿನ ಗೋಡೆ ಉರಿಯೂತದಿಂದ ಸಾಯತೊಡಗುತ್ತದೆ. ಹೊಟ್ಟೆ ಉಬ್ಬುತ್ತದೆ, ಹಸಿರು ವಾಂತಿಯಾಗುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ. ಹಾಲು ಕುಡಿದು ಚೇತರಿಸಿಕೊಳ್ಳುತ್ತಿದ್ದ ಮಗುವಿಗೇ ಎರಡನೆಯ, ಮೂರನೆಯ ವಾರದಲ್ಲಿ ಇದು ಬರುವುದರಿಂದ ಮನೆಯವರಿಗೆ ಸಿಡಿಲು ಬಡಿದಂತಾಗುತ್ತದೆ.

ಕಾಯಿಲೆ ತೀವ್ರವಾದಾಗ ಅದು ರಕ್ತದಲ್ಲಿ ಕಾಣುತ್ತದೆ. ಕರುಳಿನಿಂದ ನುಗ್ಗಿದ ಬ್ಯಾಕ್ಟೀರಿಯಾ ಮತ್ತು ಅವುಗಳ ವಿಷದಿಂದಾಗಿ ಪ್ಲೇಟ್‌ಲೆಟ್‌ಗಳು ತಯಾರಾಗುವುದಕ್ಕಿಂತ ಬೇಗ ಖರ್ಚಾಗುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷಕ್ಕಿಂತ ಮೇಲಿರಬೇಕಾದದ್ದು 50,000ಕ್ಕೂ ಕೆಳಗಿಳಿಯಬಹುದು. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳೂ ಕಡಿಮೆಯಾಗುತ್ತವೆ. ಕೆಲವು ಮಕ್ಕಳಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಡುತ್ತದೆ. ಇನ್ನು ಕೆಲವರಲ್ಲಿ ಕ್ಲಾಸ್ಟ್ರೀಡಿಯಂ ಜಾತಿಯ ಬ್ಯಾಕ್ಟೀರಿಯಾಗಳ ಕಿಣ್ವವು ಕೆಂಪು ಕಣಗಳ ಮೇಲ್ಪದರವನ್ನು ಸವೆಸಿಬಿಡುತ್ತದೆ. ಆಗ ಹೊರಗಿನ ರಕ್ತ ಕೊಡುವಾಗಲೂ ರಕ್ತನಿಧಿಯವರು ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ಇದರಲ್ಲಿ ತಾಯಿಯ ಊಟದ ಮಾತು ಎಲ್ಲಿ ಬಂತು? ತಾಯಿಗೆ ಬಸುರಿಯಲ್ಲಿ ಬಿಪಿ ಏರಿದ್ದರೆ ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ಪ್ಲೇಟ್‌ಲೆಟ್ ಇಳಿಯುವುದುಂಟು, ನಿಜ. ಬಿಪಿ ಏರಿದ್ದೂ ಅವಳ ಅಪರಾಧವಲ್ಲ. ಅಲ್ಲದೆ ಎರಡನೆಯ ವಾರದಲ್ಲಿ ಹೊಟ್ಟೆ ಉಬ್ಬರಿಸಿಕೊಂಡು ಪ್ಲೇಟ್‌ಲೆಟ್ ಇಳಿಯುವುದು ಬೇರೆಯೇ ಸಂಗತಿ.

ನಮ್ಮ ಮೇಜಿಗೆ ಬರುವ ಆ ರಕ್ತ ಎಷ್ಟಿರುತ್ತದೆ ಗೊತ್ತೇ? ನೇರಳೆ ಮುಚ್ಚಳದ ಪುಟ್ಟ ಕೊಳವೆಯ ತಳದಲ್ಲಿ ಕೆಲವು ಹನಿ. ಒಂದು ಕಿಲೋ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಹೆಚ್ಚುಕಡಿಮೆ 80ರಿಂದ 100 ಮಿಲಿಲೀಟರ್. ಹಿಮ್ಮಡಿ ಚುಚ್ಚಿ ತೆಗೆದ ರಕ್ತ ಕೊಳವೆಯಲ್ಲೇ ಗಂಟುಕಟ್ಟಿದರೆ ಯಂತ್ರ ಪ್ಲೇಟ್‌ಲೆಟ್ ಕಡಿಮೆಯೆಂದು ಸುಳ್ಳು ಹೇಳುತ್ತದೆ. ಆದ್ದರಿಂದ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳುತ್ತೇವೆ. ಪ್ಲೇಟ್‌ಲೆಟ್ ನಿಜಕ್ಕೂ ವಿರಳವಾಗಿದ್ದು, ಬಿಳಿ ಕಣಗಳೊಳಗೆ ತೀವ್ರ ಸೋಂಕಿನ ಗುರುತಾದ ಕಪ್ಪು ಕಾಳುಗಳು ದಟ್ಟವಾಗಿ ಕಂಡರೆ ತಕ್ಷಣ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ) ಫೋನ್ ಮಾಡುತ್ತೇವೆ.

ಹೊರಗೆ ಕಾಯುವ ಅಪ್ಪ ಕೇಳುವುದು, "ಅಣ್ಣಾ, ಎಷ್ಟು ಬಾಟಲಿ ಪ್ಲೇಟ್‌ಲೆಟ್ ಬೇಕು? ಊರಿನಿಂದ ಹುಡುಗರನ್ನು ಕರೆಸುತ್ತೇನೆ." ಆ ಕಳಕಳಿ ದೊಡ್ಡದು. ಆದರೆ ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬುದು ಸರಿಯಲ್ಲ. ಅವಧಿಪೂರ್ವ ಶಿಶುಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದರಲ್ಲಿ 50,000ಕ್ಕೆ ಇಳಿದೊಡನೆ ಪ್ಲೇಟ್‌ಲೆಟ್ ಪಡೆದ ಗುಂಪಿನಲ್ಲಿ, 25,000ದವರೆಗೆ ಕಾದ ಗುಂಪಿಗಿಂತ ಸಾವು ಮತ್ತು ತೀವ್ರ ರಕ್ತಸ್ರಾವ ಹೆಚ್ಚಾಗಿದ್ದವು. ವೈದ್ಯರು ಕಾಯುತ್ತಿದ್ದಾರೆಂದರೆ ಅದು ಉದಾಸೀನವೆಂದು ತಿಳಿಯಬೇಡಿ. ಕರುಳಿಗೆ ವಿಶ್ರಾಂತಿ, ಆ್ಯಂಟಿಬಯಾಟಿಕ್, ಕರುಳು ತೂತಾಗಿದ್ದರೆ ಶಸ್ತ್ರಚಿಕಿತ್ಸೆ: ಮೂಲ ಚಿಕಿತ್ಸೆ ಅಲ್ಲಿದೆ.

ಆಸ್ಪತ್ರೆಗಳಿಗೂ ನನ್ನದೊಂದು ತಕರಾರಿದೆ. ಇದನ್ನೆಲ್ಲ ಮನೆಯವರಿಗೆ ಅವರ ಭಾಷೆಯಲ್ಲಿ ಕುಳಿತು ಹೇಳುವವರು ಯಾರು? ಕಾಸರಗೋಡಿನ ಒಂದೇ ಮನೆಯಲ್ಲಿ ಅಜ್ಜಿಗೆ ತುಳು, ಅಪ್ಪನಿಗೆ ಕನ್ನಡ, ಶಾಲೆಯ ಕಾಗದಕ್ಕೆ ಮಲಯಾಳ. ಕೈಗೆ ಸಿಗುವುದು ಇಂಗ್ಲಿಷ್ ವರದಿ. ಅರ್ಥವಾಗದ ಆ ಅಂಕಿಗೆ ಮನೆಯವರು ತಮಗೆ ತೋಚಿದ ಕಾರಣ ಹುಡುಕುತ್ತಾರೆ, ಅದು ಸೊಸೆಯ ತಲೆಗೆ ಬರುತ್ತದೆ. ಪ್ರತಿ ಎನ್‌ಐಸಿಯುವಿನಲ್ಲೂ ಕನ್ನಡ ಮತ್ತು ಮಲಯಾಳದಲ್ಲಿ ಒಂದು ಪುಟದ ವಿವರಣೆ ಇಡಬೇಕು, ತುಳು ಬಲ್ಲ ನರ್ಸ್ ಒಬ್ಬರು ಅದನ್ನು ಅಜ್ಜಿಗೆ ಓದಿ ಹೇಳಬೇಕು. ಇದಕ್ಕೆ ಯಾವ ದೊಡ್ಡ ಖರ್ಚೂ ಇಲ್ಲ.

ಬಾಣಂತಿಯನ್ನು ಬೈಯುವ ಹೊತ್ತಿನಲ್ಲಿ ಅವಳಿಗೆ ಹಾಲು ಹಿಂಡಿ ತೆಗೆಯಲು ನೆಮ್ಮದಿಯ ಜಾಗ ಮಾಡಿಕೊಡಿ. ಪುಡಿಹಾಲಿಗಿಂತ ಎದೆಹಾಲು ಕುಡಿದ ಅವಧಿಪೂರ್ವ ಶಿಶುಗಳಲ್ಲಿ ಈ ಕಾಯಿಲೆ ಕಡಿಮೆ. ಕರುಳಿನ ವಿಶ್ರಾಂತಿಗಾಗಿ ಹಾಲು ನಿಲ್ಲಿಸಿರುವ ದಿನಗಳಲ್ಲೂ ಅವಳು ಹಾಲು ಹಿಂಡುತ್ತಲೇ ಇರಬೇಕು. ಮಗುವಿಗೆ ಮತ್ತೆ ಹಾಲು ಕೊಡಬಹುದೆಂದು ವೈದ್ಯರು ಹೇಳಿದಾಗ ಮೊದಲು ಬೇಕಾಗುವುದು ಅವಳ ಹಾಲೇ.